ಅಂತ್ಯಕಾಲದ ಭಯ, ಬತ್ತಿದ ಪ್ರಾರ್ಥನೆ, ಕೊಡದೆ ಉಳಿದ ಅಕ್ಕನ ಪಾಲು

ಓದುಗರ ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ಕಥೋಲಿಕ, ವಯಸ್ಸು 46. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಒಂದು ವರ್ಷದಿಂದ ಅಮ್ಮ ದಿನಾ ಫೋನಿಗೆ ಅಂತ್ಯಕಾಲದ ವಿಡಿಯೊ ಕಳಿಸುತ್ತಾರೆ. ಯುದ್ಧ, ಭೂಕಂಪ, ಗ್ರಹಣ, ಪ್ರತಿಯೊಂದಕ್ಕೂ ಒಂದು ಬೈಬಲ್ ವಚನ. ನೋಡಿದ ರಾತ್ರಿ ನಿದ್ದೆ ಬರುವುದಿಲ್ಲ. ಯೇಸುಸ್ವಾಮಿ ಈಗಲೇ ಬಂದರೆ ನನ್ನ ಗತಿ ಏನು? ದಿನಕ್ಕೆ ಮೂರು ಜಪಸರ ಹೇಳುತ್ತೇನೆ, ಶುಕ್ರವಾರ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಆದರೂ ಗೋಡೆಗೆ ಮಾತಾಡಿದ ಹಾಗಿದೆ. ಪಾಪ ನೆನೆದರೆ ಭಯ ಬರುತ್ತದೆ, ಕಣ್ಣೀರು ಬರುವುದಿಲ್ಲ. ಕೊನೆಯ ಪಾಪನಿವೇದನೆ ಮಾಡಿದ್ದು 2008ರ ಈಸ್ಟರ್‌ನಲ್ಲಿ. ಜನ ಏನಂದುಕೊಂಡಾರು ಎಂದು ಪೂಜೆಯಲ್ಲಿ ಕೊಡುವ ಪರಮಪ್ರಸಾದವನ್ನು ಮಾತ್ರ ಸ್ವೀಕರಿಸುತ್ತಾ ಬಂದಿದ್ದೇನೆ. ಇಷ್ಟು ವರ್ಷದ ಮೇಲೆ ಗುರುಗಳ ಮುಂದೆ ಏನಂತ ಹೇಳಲಿ? ದೇವರಿಗೇ ನೇರ ಹೇಳಿಕೊಂಡರೆ ಸಾಲದೆ? ಇನ್ನೊಂದು ವಿಷಯ. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. 2008ರ ಕೊನೆಯಲ್ಲಿ ಅವರ ನಾಲ್ಕೂವರೆ ಎಕರೆ ನನ್ನ ಮತ್ತು ತಮ್ಮನ ಹೆಸರಿಗಾಯಿತು. ಅಕ್ಕನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವಾಗ 'ಕಾಫಿ ದುಡ್ಡು ಬಂದ ಮೇಲೆ ನಿನ್ನದು ಕೊಡ್ತೀನಿ' ಅಂದಿದ್ದೆ. ಕೊಡುವ ಮನಸ್ಸು ಆಗಲೂ ಪೂರ್ತಿ ಇರಲಿಲ್ಲ. ಅಕ್ಕ ಕೇಳಿಲ್ಲ, ನಾನೂ ಎತ್ತಿಲ್ಲ. ಅದು ಮನೆ ವಿಷಯ, ಬಿಡಿ. ಸಿದ್ಧನಾಗಿರಲು ನಾನು ಇನ್ನೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ 2008 ಎರಡು ಸಲ ಬಂದಿದೆ. ಕೊನೆಯ ಪಾಪನಿವೇದನೆಯೂ ಆ ವರ್ಷದ್ದೇ, ಅಕ್ಕನ ಸಹಿಯೂ ಆ ವರ್ಷದ್ದೇ. ಅದನ್ನು 'ಮನೆ ವಿಷಯ, ಬಿಡಿ' ಅಂದಿದ್ದೀರಿ. ಬಿಡಲಾಗುವುದಿಲ್ಲ. ನಿದ್ದೆ ಇಲ್ಲದ್ದು, ಪ್ರಾರ್ಥನೆ ಬತ್ತಿದ್ದು, ಗುರುಗಳ ಮುಂದೆ ಹೋಗಲು ಕಾಲು ಏಳದ್ದು, ಮೂರೂ ಈ ಒಂದು ಗಂಟಿಗೇ ಸಿಕ್ಕಿಕೊಂಡಿವೆ ಎಂಬುದು ನನ್ನ ಅನಿಸಿಕೆ. ಅಲ್ಲಿಗೆ ಬರುತ್ತೇನೆ. ಮೊದಲು ನಿಮ್ಮನ್ನು ಹೆದರಿಸುತ್ತಿರುವ ವಿಡಿಯೊಗಳ ಮಾತು.

ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು, ದೇವದೂತರಿಗೂ ಪುತ್ರನಿಗೂ ತಿಳಿಯದು, ಪಿತನಿಗೆ ಮಾತ್ರ ತಿಳಿದಿದೆ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ (ಮಾರ್ಕ 13:32). ಯುದ್ಧಗಳ ಸುದ್ದಿ ಕೇಳಿದಾಗ ಕಳವಳಪಡಬೇಡಿ ಎಂದು ಹೇಳಿರುವುದೂ ಅದೇ ಅಧ್ಯಾಯದಲ್ಲಿ. ವಿಡಿಯೊ ಮಾಡುವವರು ಭೂಕಂಪದ ವಚನ ಇಟ್ಟುಕೊಂಡು, ಕಳವಳ ಬೇಡ ಎಂಬ ವಚನವನ್ನು ಕತ್ತರಿಸಿಬಿಡುತ್ತಾರೆ. ದಿನ ಗೊತ್ತುಮಾಡಿದವರ ಕಥೆ ಏನಾಯಿತು ಎಂಬುದು ಚರಿತ್ರೆಯಲ್ಲಿದೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅವರ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದರು. ಕೆಲವರು ಹೊಲದ ಬೆಳೆ ಕೊಯ್ಯದೆ ಬಿಟ್ಟಿದ್ದರು. ಅಲ್ಲಿಯೇ ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೊ ಬೋಧಕರು 2011ರ ಮೇ 21 ಅಂದರು. ಎರಡು ದಿನಗಳೂ ಬಂದುಹೋದವು. ಇದು ಹೊಸ ಜಾಡ್ಯವೂ ಅಲ್ಲ. ಥೆಸಲೋನಿಕದ ಕ್ರೈಸ್ತರಲ್ಲಿ ಪ್ರಭುವಿನ ದಿನ ಬಂದೇಬಿಟ್ಟಿತು ಎಂಬ ಗದ್ದಲ ಎದ್ದಿತ್ತು, ಕೆಲವರು ದುಡಿಮೆ ಬಿಟ್ಟು ಅಲೆಯುತ್ತಿದ್ದರು. ನೆಮ್ಮದಿಯಿಂದ ದುಡಿದು ಉಣ್ಣಿ ಎಂದು ಸಂತ ಪೌಲರ ಎರಡನೆಯ ಪತ್ರ ಅವರಿಗೆ ಬುದ್ಧಿ ಹೇಳುತ್ತದೆ.

ಹಾಗಾದರೆ ಎಚ್ಚರವಾಗಿರಿ ಅಂದದ್ದು ಯಾವುದಕ್ಕೆ? ಹತ್ತು ಕನ್ಯೆಯರ ಸಾಮತಿಯನ್ನು (ದೃಷ್ಟಾಂತ ಕಥೆಯನ್ನು) ಇನ್ನೊಮ್ಮೆ ನಿಧಾನವಾಗಿ ಓದಿ (ಮತ್ತಾಯ 25). ಮದುವಣಿಗ ತಡಮಾಡಿದಾಗ ಹತ್ತು ಮಂದಿಯೂ ತೂಕಡಿಸಿ ಮಲಗುತ್ತಾರೆ, ಜಾಣೆಯರೂ ಸೇರಿ. ನಿದ್ದೆ ಮಾಡಿದ್ದಕ್ಕೆ ಯಾರನ್ನೂ ಹೊರಗಿಡಲಿಲ್ಲ. ಐವರ ದೀಪಕ್ಕೆ ಎಣ್ಣೆ ಇರಲಿಲ್ಲ, ಅದಕ್ಕೆ ಅವರು ಹೊರಗುಳಿದರು. ಅದೇ ಅಧ್ಯಾಯದ ಕೊನೆಯಲ್ಲಿ ಅರಸ ಕೇಳುವುದೇನು? ಹಸಿದವನಿಗೆ ಊಟ ಕೊಟ್ಟೆಯಾ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆ ಇಲ್ಲದವನಿಗೆ ಬಟ್ಟೆ, ರೋಗಿಯನ್ನು, ಸೆರೆಯಲ್ಲಿದ್ದವನನ್ನು ನೋಡಿಬಂದೆಯಾ ಎಂದು. ಯಾವ ಗ್ರಹಣಕ್ಕೆ ಯಾವ ವಚನ ಹೊಂದುತ್ತದೆ ಎಂದು ಅರಸ ಕೇಳುವುದಿಲ್ಲ. ಆದ್ದರಿಂದ ರಾತ್ರಿಯ ವಿಡಿಯೊ ನಿಲ್ಲಿಸಿ. ಅಮ್ಮನ ಜೊತೆ ವಾದ ಬೇಡ. ಫೋನಿನಲ್ಲಿ ಆ ಸಂದೇಶಗಳ ಸದ್ದು ಆರಿಸಿಡಿ, ಸಂಜೆ ಹದಿನೈದು ನಿಮಿಷ ಅಮ್ಮನ ಪಕ್ಕ ಕೂತು ಒಂದು ಜಪಸರ ಹೇಳಿ. ಅವರಿಗೂ ಭಯವಿದೆ, ಒಂಟಿಯಾಗಿ ನೋಡಿ ನೋಡಿ ಹೆಚ್ಚಾಗಿದೆ.

ಇನ್ನು ಕಣ್ಣೀರಿನ ವಿಷಯ. ಧ್ಯಾನಕೂಟಗಳಲ್ಲಿ ಜನ ಅಳುವುದನ್ನು ನೋಡಿ, ಅತ್ತರೆ ಮಾತ್ರ ಪಶ್ಚಾತ್ತಾಪ ಎಂದು ಅನೇಕರು ನಂಬಿಬಿಟ್ಟಿದ್ದಾರೆ. ಧರ್ಮಸಭೆಯ ಬೋಧನೆ ಹಾಗಿಲ್ಲ. ಮಾಡಿದ ಪಾಪ ಕೆಟ್ಟದ್ದೆಂದು ಒಪ್ಪಿ, ಅದನ್ನು ತೊರೆದು, ಮತ್ತೆ ಮಾಡಬಾರದೆಂದು ನಿಶ್ಚಯಿಸುವುದು ಪಶ್ಚಾತ್ತಾಪ. ಅದು ಸಂಕಲ್ಪದ ಕೆಲಸ. ಕಣ್ಣೀರು ಬಂದರೆ ದೇವರ ಕೊಡುಗೆ, ಬರದಿದ್ದರೆ ಕೊರತೆಯಿಲ್ಲ. ನರಕದ ಭಯದಿಂದ ಹುಟ್ಟಿದ ಪಶ್ಚಾತ್ತಾಪ ಅಪೂರ್ಣವೇ ಆದರೂ ಅದೂ ದೇವರ ಪ್ರೇರಣೆ, ಪಾಪನಿವೇದನೆಗೆ ಬರಲು ಅಷ್ಟು ಸಾಕು ಎಂದು ಟ್ರೆಂಟ್ ಮಹಾಸಭೆ 1551ರಲ್ಲೇ ಸ್ಪಷ್ಟಪಡಿಸಿದೆ. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪಶ್ಚಾತ್ತಾಪ ಪೂರ್ಣವಾದದ್ದು. ಆದಷ್ಟು ಬೇಗ ಪಾಪನಿವೇದನೆ ಮಾಡುವ ದೃಢ ನಿಶ್ಚಯ ಅದರ ಜೊತೆಗಿದ್ದರೆ ಮಾರಕ ಪಾಪಕ್ಕೂ ಆಗಲೇ ಕ್ಷಮೆ ಸಿಗುತ್ತದೆ. 'ಗುರುಗಳ ಹತ್ತಿರ ಹೋಗುವ ಮೊದಲೇ ಸತ್ತರೆ?' ಎಂದು ರಾತ್ರಿ ನಿಮ್ಮನ್ನು ಕಾಡುವ ಪ್ರಶ್ನೆಗೆ ಇದೇ ಉತ್ತರ. ಇಂದು ರಾತ್ರಿಯೇ 51ನೆಯ ಕೀರ್ತನೆಯನ್ನು ಓದಿ, 'ಈ ವಾರ ಹೋಗುತ್ತೇನೆ' ಎಂದು ದೇವರಿಗೆ ಮಾತು ಕೊಡಿ. ಆ ಮಾತು ನಿಜವಾಗಿರಲಿ.

ದೇವರಿಗೆ ನೇರ ಹೇಳಿದರೆ ಸಾಲದೆ ಅಂದಿರಿ. ನೇರವಾಗಿ ದಿನಾ ಹೇಳಲೇಬೇಕು. ಲಘು ಪಾಪಗಳಿಗೆ ಆ ಪ್ರಾರ್ಥನೆ, ದಾನಧರ್ಮ, ಬಲಿಪೂಜೆಯ (ಚರ್ಚಿನ ಪೂಜೆಯ) ಆರಂಭದ ಪಶ್ಚಾತ್ತಾಪ ವಿಧಿ ಎಲ್ಲವೂ ಔಷಧಿಯೇ. ಆದರೆ ವಿಷಯ ಗಂಭೀರವಾಗಿದ್ದು, ಅದು ಗಂಭೀರವೆಂದು ಗೊತ್ತಿದ್ದು, ಮನಸ್ಸಾರೆ ಒಪ್ಪಿ ಮಾಡಿದ್ದರೆ, ಈ ಮೂರೂ ಕೂಡಿದ್ದರೆ, ಅದು ಮಾರಕ ಪಾಪ. ಕಥೋಲಿಕರು ಅಂಥದ್ದನ್ನು ಯಾಜಕರ ಮುಂದೆ ಹೇಳಬೇಕು, ವರ್ಷಕ್ಕೆ ಒಮ್ಮೆಯಾದರೂ. 1215ರ ಲ್ಯಾಟರನ್ ಮಹಾಸಭೆಯಿಂದ ಬಂದ ನಿಯಮ ಇದು. ಇದರಲ್ಲಿ ಒಂದು ಮನುಷ್ಯಸಹಜ ಲಾಭವೂ ಇದೆ. ಮನಸ್ಸಿನಲ್ಲೇ ಹೇಳಿಕೊಂಡಾಗ 'ಮನೆ ವಿಷಯ' ಎಂದು ಹೆಸರಿಟ್ಟು ಬದಿಗಿಡಬಹುದು, ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳುವಾಗ ಅದರ ನಿಜವಾದ ಹೆಸರು ಬಂದೇ ಬರುತ್ತದೆ. ಗುಟ್ಟಿನ ಭಯ ಬೇಡ. ಕೇಳಿದ್ದನ್ನು ಗುರುಗಳು ನ್ಯಾಯಾಲಯದಲ್ಲೂ ಹೇಳುವಂತಿಲ್ಲ, ಬೇಕೆಂದೇ ನೇರವಾಗಿ ಬಯಲು ಮಾಡಿದವರು ಆ ಕ್ಷಣವೇ ಧರ್ಮಸಭೆಯಿಂದ ಬಹಿಷ್ಕೃತರಾಗುತ್ತಾರೆ. ಇಷ್ಟಾಗಿಯೂ ಊರಿನ ಗುರುಗಳ ಮುಂದೆ ಸಂಕೋಚವಾದರೆ ಬೇರೆ ಧರ್ಮಕೇಂದ್ರಕ್ಕೋ ಪುಣ್ಯಕ್ಷೇತ್ರಕ್ಕೋ ಹೋಗಿ. ಅದರಲ್ಲಿ ತಪ್ಪಿಲ್ಲ.

ಹೋಗುವ ಮೊದಲು ಏನು ಮಾಡಬೇಕು ಎಂಬುದಕ್ಕೆ ಬರೋಣ. ಪವಿತ್ರ ವಾರದ ಸಾಲಿನಲ್ಲಿ ನಿಲ್ಲಬೇಡಿ, ಅಲ್ಲಿ ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಗುರುಗಳಿಗೆ ಫೋನ್ ಮಾಡಿ, 'ತುಂಬಾ ವರ್ಷದ ಮೇಲೆ ಪಾಪನಿವೇದನೆ ಮಾಡಬೇಕು, ಅರ್ಧ ಗಂಟೆ ಬೇಕು' ಎಂದು ಕೇಳಿ ವಾರದ ನಡುವೆ ಹೋಗಿ. ಹತ್ತು ಕಟ್ಟಳೆಗಳನ್ನು ಮುಂದಿಟ್ಟುಕೊಂಡು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 17 ವರ್ಷದ್ದನ್ನೆಲ್ಲ ಲೆಕ್ಕ ಹಾಕಲು ಯಾರಿಂದಲೂ ಆಗದು. ಮಾರಕ ಪಾಪಗಳು ಯಾವುವು, ಸುಮಾರು ಎಷ್ಟು ಸಲ, 'ತಿಂಗಳಿಗೊಮ್ಮೆ, ಮೂರು ವರ್ಷ' ಅಂದರೆ ಸಾಕು. ಪ್ರಾಮಾಣಿಕವಾಗಿ ಮರೆತದ್ದೂ ಕ್ಷಮೆಯೊಳಗೇ ಸೇರುತ್ತದೆ, ಆಮೇಲೆ ನೆನಪಾದರೆ ಮುಂದಿನ ಸಲ ಹೇಳಿ. ಬೇಕೆಂದೇ ಮುಚ್ಚಿಟ್ಟರೆ ಮಾತ್ರ ಪಾಪನಿವೇದನೆ ಇಡಿಯಾಗಿ ಕೆಡುತ್ತದೆ. ಮನೆಗೆ ಬಂದು ಹಾಳೆಯನ್ನು ಸುಟ್ಟುಬಿಡಿ.

ಕೆಡುವುದು ಸಾಮಾನ್ಯವಾಗಿ ಹೀಗೆ: ಹೆಂಡತಿಯದು, ತಮ್ಮನದು, ಅತ್ತೆಯದು ಎಂದು ಬೇರೆಯವರ ಪಾಪವೇ ಮುಕ್ಕಾಲು ಗಂಟೆ ನಡೆಯುತ್ತದೆ. ಇಲ್ಲವೇ ಕೋಪ, ಸಣ್ಣ ಸುಳ್ಳು, ಪೂಜೆ ತಪ್ಪಿಸಿದ್ದು ಎಲ್ಲ ಮುಗಿದು, ನಿಜವಾಗಿ ಭಾರವಾದದ್ದು ಎದ್ದು ಹೋಗುವಾಗ ಅರ್ಧ ವಾಕ್ಯದಲ್ಲಿ ಬರುತ್ತದೆ. ನೀವು ಅದನ್ನೇ ಮೊದಲು ಹೇಳಿ. 'ಆಸ್ತಿ ವಿಷಯದಲ್ಲಿ ಸ್ವಲ್ಪ ತಪ್ಪಾಗಿದೆ' ಅನ್ನಬೇಡಿ. 'ಸ್ವಾಮಿ, ನನ್ನ ಕೊನೆಯ ಪಾಪನಿವೇದನೆ ಆಗಿ 17 ವರ್ಷವಾಯಿತು. ಅಕ್ಕನಿಗೆ ಕೊಡುತ್ತೇನೆಂದು ಸುಳ್ಳು ಹೇಳಿ ಅವಳ ಪಾಲಿನ ಜಮೀನಿಗೆ ಸಹಿ ಹಾಕಿಸಿಕೊಂಡೆ. ಇವತ್ತಿನವರೆಗೂ ಕೊಟ್ಟಿಲ್ಲ. ಗೊತ್ತಿದ್ದೂ ಪರಮಪ್ರಸಾದ ಸ್ವೀಕರಿಸಿದ್ದೇನೆ.' ಇಷ್ಟೇ. ಮಾರಕ ಪಾಪದ ಅರಿವಿರುವವರು ಪಾಪನಿವೇದನೆ ಮಾಡದೆ ಪರಮಪ್ರಸಾದಕ್ಕೆ ಹೋಗಬಾರದು. ಹಾಗಾಗಿ ಅಲ್ಲಿಯವರೆಗೆ ಬಲಿಪೂಜೆಗೆ ಹೋಗಿ, ಆ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ. ಜನ ನೋಡಿದರೆ ನೋಡಲಿ. ಗುರುಗಳು ಕೊಡುವ ಪ್ರಾಯಶ್ಚಿತ್ತ ಚಿಕ್ಕದಾಗಿರಬಹುದು, ಅದನ್ನು ನೋಡಿ ಪಾಪವೂ ಚಿಕ್ಕದೇ ಇತ್ತು ಅಂದುಕೊಳ್ಳಬೇಡಿ.

ಅಕ್ಕನ ಪಾಲಿಗೆ ಬರೋಣ. ಪಾಪನಿವೇದನೆ ಆದರೆ ಎಲ್ಲ ತೊಳೆದುಹೋಯಿತು, ಇನ್ನು ಕೊಡುವುದು ಬೇಡ ಎಂಬ ಭ್ರಮೆ ಬಹಳ ಮಂದಿಗಿದೆ. ಪಾಪಕ್ಕೆ ಕ್ಷಮೆ ಸಿಗುತ್ತದೆ, ಅದರಿಂದಾದ ನಷ್ಟ ತಾನಾಗಿ ತುಂಬುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಹಾಗೇ ಉಳಿಯುತ್ತದೆ. ಹಿಂದಿರುಗಿಸುವ ನಿಶ್ಚಯವೇ ಇಲ್ಲದಿದ್ದರೆ ಪಶ್ಚಾತ್ತಾಪವೇ ಇಲ್ಲ. ಮೋಶೆಯ ಕಟ್ಟಳೆಯಲ್ಲಿ ಅನ್ಯಾಯವಾಗಿ ಪಡೆದದ್ದನ್ನು ಪೂರ್ತಿ ಕೊಟ್ಟು, ಮೇಲೆ ಐದರಲ್ಲೊಂದು ಪಾಲು ಸೇರಿಸಬೇಕಿತ್ತು (ಸಂಖ್ಯಾಕಾಂಡ 5:7). ಸುಂಕದ ಅಧಿಕಾರಿ ಜಕ್ಕಾಯ, ಮೋಸದಿಂದ ಪಡೆದದ್ದರ ನಾಲ್ಕರಷ್ಟು ಕೊಡುತ್ತೇನೆ ಅಂದ. ಅವನು ಹಾಗೆ ಹೇಳಿದ ಮೇಲೆ ಯೇಸುಸ್ವಾಮಿ ಈ ಮನೆಗೆ ಇಂದು ಉದ್ಧಾರ ಬಂದಿತು ಅಂದರು (ಲೂಕ 19). ಇಂದು ನಾಲ್ಕರಷ್ಟು ಎಂಬ ನಿಯಮವಿಲ್ಲ. ಅವಳದ್ದು ಅವಳಿಗೆ ಸೇರಬೇಕು ಎಂಬುದು ನಿಯಮ. ನಿನ್ನ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸೋದರನೊಡನೆ ರಾಜಿಯಾಗು ಎಂಬ ಮಾತು (ಮತ್ತಾಯ 5:23–24) ನಿಮ್ಮ ಮೂರು ಜಪಸರಗಳಿಗೂ ಶುಕ್ರವಾರದ ಉಪವಾಸಕ್ಕೂ ಅನ್ವಯಿಸುತ್ತದೆ.

ಎಷ್ಟು ಕೊಡಬೇಕು? ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಉಯಿಲಿಲ್ಲದೆ ತೀರಿಕೊಂಡರೆ ಮೂರರಲ್ಲೊಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ. ಗಂಡು ಹೆಣ್ಣು ಭೇದವಿಲ್ಲ, ಮದುವೆಯಾದ ಮಗಳು ಎಂಬ ರಿಯಾಯಿತಿಯೂ ಇಲ್ಲ. ಜಮೀನು ಅಪ್ಪನ ಸ್ವಂತದ್ದಾಗಿದ್ದರೆ ಲೆಕ್ಕ ಹೀಗೆ: ನಾಲ್ಕೂವರೆ ಎಕರೆ ಅಂದರೆ 180 ಗುಂಟೆ. ಅಮ್ಮನಿಗೆ 60. ಉಳಿದ 120ರಲ್ಲಿ ಮೂವರಿಗೂ 40–40. ಅಂದರೆ ಅಕ್ಕನದು ಸರಿಯಾಗಿ ಒಂದು ಎಕರೆ. ಅಮ್ಮ ತನ್ನ 60 ಗುಂಟೆಯನ್ನು ಮನಸ್ಸಾರೆ ಬಿಟ್ಟಿದ್ದರೆ ಅದು ಬೇರೆ ಮಾತು. ಅಕ್ಕನ ಎಕರೆಯಲ್ಲಿ 20 ಗುಂಟೆ ನಿಮ್ಮ ಹತ್ತಿರ, 20 ತಮ್ಮನ ಹತ್ತಿರ ಇದೆ ಎಂದಾದರೂ, ಮಾತು ಕೊಟ್ಟು ಸಹಿ ಹಾಕಿಸಿದವರು ನೀವು. ತಮ್ಮನನ್ನು ಕೇಳಿ; ಒಪ್ಪದಿದ್ದರೆ ನಿಮ್ಮದನ್ನು ತಡೆಯಬೇಡಿ, ಉಳಿದ ಅರ್ಧದಲ್ಲಿ ನಿಮ್ಮ ಹೊಣೆ ಎಷ್ಟು ಎಂಬುದನ್ನು ಗುರುಗಳ ಜೊತೆ ತೀರ್ಮಾನಿಸಿ. ನೋಂದಾಯಿತ ಪತ್ರ ನಿಮ್ಮ ಕೈಯಲ್ಲಿದೆ, 17 ವರ್ಷ ಕಳೆದಿದೆ, ಅಕ್ಕ ಈಗ ನ್ಯಾಯಾಲಯಕ್ಕೆ ಹೋದರೆ ಗೆಲ್ಲುವುದು ಕಷ್ಟವಿರಬಹುದು. ಕಾನೂನಿನ ಆ ಅನುಕೂಲ ನಿಮ್ಮ ಸಾಲವನ್ನು ತೀರಿಸುವುದಿಲ್ಲ.

ಜಮೀನನ್ನೇ ಕೊಡುವುದು ಎಲ್ಲಕ್ಕಿಂತ ಶುದ್ಧ ದಾರಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಡುವುದಾದರೆ ಆ ಭಾಗವನ್ನು ಅಳೆದು ಗುರುತಿಸುವ 11ಇ ನಕ್ಷೆ ಮಾಡಿಸಬೇಕು, ಆಮೇಲೆ ನೋಂದಣಿ, ಖಾತೆ ಬದಲಾವಣೆ. ಇದಕ್ಕೆ ತಿಂಗಳುಗಳು ಹಿಡಿಯಬಹುದು. ನೀರು, ದಾರಿ ಇಲ್ಲದ ಮೂಲೆಯ ಎಕರೆಯನ್ನು ಅಕ್ಕನಿಗೆ ತಳ್ಳಿದರೆ ಮತ್ತೆ ಅದೇ ಮೋಸ. ಹಣ ಕೊಡುವುದಾದರೆ 2008ರ ಬೆಲೆ ಹಿಡಿಯಬೇಡಿ. ಗೊತ್ತಿದ್ದೂ ಬೇರೆಯವರ ವಸ್ತು ಇಟ್ಟುಕೊಂಡವರು ವಸ್ತುವನ್ನೂ ಅದರ ಫಲವನ್ನೂ ಹಿಂದಿರುಗಿಸಬೇಕು, ತಮ್ಮ ದುಡಿಮೆ, ಖರ್ಚುಗಳನ್ನು ಕಳೆದುಕೊಳ್ಳಬಹುದು ಎನ್ನುವುದು ನೀತಿಬೋಧನೆಯ ಹಳೆಯ ನಿಯಮ. ಜಮೀನು ಇನ್ನೂ ಇರುವುದರಿಂದ ಇಂದಿನ ಬೆಲೆಯೇ ನ್ಯಾಯ. ಹತ್ತಿರದಲ್ಲಿ ಇತ್ತೀಚೆಗೆ ಮಾರಾಟವಾದ ಜಮೀನಿನ ನಿಜ ದರ ಹಿಡಿಯಿರಿ, ನೋಂದಣಿ ಕಚೇರಿಯ ಮಾರ್ಗಸೂಚಿ ದರ ಅದಕ್ಕಿಂತ ಕಡಿಮೆ ಇರಬಹುದು. ಒಂದೇ ಸಲ ಆಗದಿದ್ದರೆ ಕಂತು ಮಾಡಿ, ಕಾಫಿ ಕೊಯ್ಲಿನ ನಂತರದ ತಿಂಗಳಿಗೆ ದಿನಾಂಕ ಗೊತ್ತುಮಾಡಿ ಬರೆದುಕೊಡಿ. 'ಕಾಫಿ ದುಡ್ಡು ಬಂದ ಮೇಲೆ' ಎಂಬ ದಿನಾಂಕವಿಲ್ಲದ ಮಾತನ್ನು ಅಕ್ಕ ಒಮ್ಮೆ ಕೇಳಿದ್ದಾರೆ.

ಇನ್ನೊಂದು ದಾರಿ ನಿಮಗೆ ಹೊಳೆಯಬಹುದು: ಆ ಹಣವನ್ನು ಗುಡಿಗೋ ಅನಾಥಾಲಯಕ್ಕೋ ಕೊಟ್ಟುಬಿಡುವುದು. ಬೇಡ. ಹಣದ ಒಡೆಯರು ಸಿಗದಿದ್ದರೆ, ವಾರಸುದಾರರೂ ಇಲ್ಲದಿದ್ದರೆ ಮಾತ್ರ ಹಾಗೆ ಮಾಡಬಹುದು. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ದೇವರಿಗೆ ಮುಡಿಪು, ಎಂದು ಹೇಳಿ ತಪ್ಪಿಸಿಕೊಂಡವರನ್ನು ಯೇಸುಸ್ವಾಮಿ ಬಹಳ ಕಟುವಾಗಿ ಖಂಡಿಸಿದ್ದಾರೆ (ಮಾರ್ಕ 7). ಅಕ್ಕ ಬದುಕಿದ್ದಾರೆ, ಅವರ ವಿಳಾಸ ನಿಮಗೆ ಗೊತ್ತಿದೆ.

ಅಕ್ಕ 'ನನಗೆ ಬೇಡ' ಅಂದರೆ ನಿಮ್ಮ ಹೊಣೆ ತೀರುತ್ತದೆ, ಆದರೆ ಆ ಮಾತು ಸ್ವತಂತ್ರವಾಗಿ ಬರಬೇಕು. ಅಮ್ಮನ ಎದುರಿಗೋ ಹಬ್ಬದ ಊಟದಲ್ಲೋ 'ನಿಂಗೇನೂ ಬೇಡ ಅಲ್ವಾ ಅಕ್ಕ?' ಎಂದು ಕೇಳಿದರೆ ಯಾವ ಅಕ್ಕನೂ ಬೇಕು ಅನ್ನುವುದಿಲ್ಲ. ಒಬ್ಬರೇ ಅವರ ಮನೆಗೆ ಹೋಗಿ. ಒಂದು ಎಕರೆ, ಇಂದಿನ ಬೆಲೆ ಇಷ್ಟು, ಅಂದು ನಾನು ಸುಳ್ಳು ಹೇಳಿದೆ, ಹೀಗೆ ಕೊಡಬೇಕೆಂದಿದ್ದೇನೆ ಎಂದು ಲೆಕ್ಕ ಸಮೇತ ಹೇಳಿ, ಯೋಚಿಸಲು ಸಮಯ ಕೊಡಿ. ಹೋಗುವ ಮೊದಲು ಹೆಂಡತಿಗೆ ತಿಳಿಸಿ, ಇಲ್ಲದಿದ್ದರೆ ಒಂದು ಗಾಯ ಮಾಯುವಾಗ ಇನ್ನೊಂದು ಮನೆಯಲ್ಲಿ ಶುರುವಾಗುತ್ತದೆ. ಅಕ್ಕ ಸಿಟ್ಟಾಗಬಹುದು, ಅಳಬಹುದು, ಕ್ಷಮಿಸುವುದಿಲ್ಲ ಅನ್ನಬಹುದು. ಆ ಹಕ್ಕು ಅವರಿಗಿದೆ. ಕ್ಷಮೆ ಸಿಕ್ಕರೆ ಕೊಡುತ್ತೇನೆ ಎಂಬ ಷರತ್ತು ಹಾಕುವ ಜಾಗದಲ್ಲಿ ನೀವಿಲ್ಲ. ಇದೆಲ್ಲ ಮುಗಿಯುವವರೆಗೂ ಪಾಪನಿವೇದನೆಗೆ ಕಾಯಬೇಕಿಲ್ಲ. ನಿಶ್ಚಯ ನಿಜವಾಗಿದ್ದರೆ ಮೊದಲು ಪಾಪನಿವೇದನೆ, ಆಮೇಲೆ ಅಕ್ಕನ ಮನೆ; ಬಲ ಬೇಕಿರುವುದು ಆ ಬಾಗಿಲು ತಟ್ಟಲಿಕ್ಕೇ.

ಪ್ರಾರ್ಥನೆಗೆ ಈಗ ಹೆಚ್ಚು ಹೇಳಬೇಕಿಲ್ಲ. 'ನಾನು ಮೌನವಾಗಿದ್ದಾಗ ನನ್ನ ಎಲುಬುಗಳು ಸವೆದುಹೋದವು' ಎಂಬರ್ಥದ ಮಾತು 32ನೆಯ ಕೀರ್ತನೆಯಲ್ಲಿದೆ. ನಿಮ್ಮ ಸ್ಥಿತಿಗೆ ಅದಕ್ಕಿಂತ ಸರಿಯಾದ ವಿವರಣೆ ನನಗೆ ಗೊತ್ತಿಲ್ಲ. ಮೂರು ಜಪಸರವನ್ನು ಒಂದಕ್ಕೆ ಇಳಿಸಿ. ರಾತ್ರಿ ಮಲಗುವ ಮೊದಲು ಹತ್ತು ಹದಿನೈದು ನಿಮಿಷ ಸಂತ ಇಗ್ನೇಷಿಯಸ್ ಲೊಯೋಲರು ಕಲಿಸಿದ ಆತ್ಮಶೋಧನೆ ಮಾಡಿ: ದಿನಕ್ಕಾಗಿ ವಂದನೆ, ಬೆಳಕಿಗಾಗಿ ಬೇಡಿಕೆ, ಬೆಳಿಗ್ಗೆಯಿಂದ ರಾತ್ರಿಯವರೆಗಿನ ನಡೆನುಡಿಯ ಅವಲೋಕನ, ತಪ್ಪಿದ್ದಕ್ಕೆ ಕ್ಷಮೆ, ನಾಳೆ ಮಾಡಬೇಕಾದ ಒಂದೇ ಒಂದು ಕೆಲಸದ ನಿಶ್ಚಯ. ನಿದ್ದೆ ಬಾರದಿದ್ದರೆ 'ದೇವರೇ, ಪಾಪಿಯಾದ ನನ್ನನ್ನು ಕರುಣಿಸು' ಎಂಬ ಸುಂಕದವನ ಪ್ರಾರ್ಥನೆಯನ್ನು ಉಸಿರಿನ ಜೊತೆ ಹೇಳಿಕೊಳ್ಳಿ. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯ 'ನಿಮ್ಮ ರಾಜ್ಯ ಬರಲಿ' ಎಂಬಲ್ಲಿ ಒಂದು ಕ್ಷಣ ನಿಂತು, ನಿಮ್ಮ ಖಾತೆಯಲ್ಲಿರುವ ಆ ಜಮೀನಿಗೂ ಬರಲಿ ಎಂದು ಕೇಳಿ.

ಶುಕ್ರವಾರದ ನೀರಿನ ಉಪವಾಸವನ್ನು ಇಂದೇ ನಿಲ್ಲಿಸಿ. ಧರ್ಮಸಭೆಯ ಕಡ್ಡಾಯ ಉಪವಾಸ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ. ಆಗಲೂ ಒಂದು ಪೂರ್ತಿ ಊಟ, ಎರಡು ಚಿಕ್ಕ ಫಲಾಹಾರಕ್ಕೆ ಅವಕಾಶವಿದೆ, ರೋಗಿಗಳಿಗೆ ಆ ಉಪವಾಸವೂ ಕಡ್ಡಾಯವಲ್ಲ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ನುಂಗಿ ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಪ್ರಜ್ಞೆ ತಪ್ಪಬಹುದು. ಬದಲಿಗೆ ಶುಕ್ರವಾರ ಮಾಂಸ ಬಿಡಿ, ಆ ದುಡ್ಡನ್ನು ಹಸಿದವರಿಗೆ ಕೊಡಿ. ಹಾಗೆಯೇ, ಪಾಪನಿವೇದನೆಯಾದ ಮೇಲೂ 'ಸರಿಯಾಗಿ ಹೇಳಿದೆನೋ ಇಲ್ಲವೋ' ಎಂದು ದಿನಕ್ಕೆ ಗಂಟೆಗಟ್ಟಲೆ ಅನುಮಾನ ಕಾಡಿದರೆ, ಮತ್ತೆ ಮತ್ತೆ ಅದನ್ನೇ ಹೇಳಲು ಓಡಬೇಡಿ. ಇಗ್ನೇಷಿಯಸರೇ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇಂಥ ಅನುಮಾನದಿಂದ ನರಳಿದವರು. ಒಬ್ಬರೇ ಗುರುಗಳನ್ನು ಹಿಡಿದು ಅವರ ಮಾತಿನಂತೆ ನಡೆಯಿರಿ. ಅದಕ್ಕೂ ಬಗ್ಗದಿದ್ದರೆ ಮನೋವೈದ್ಯರನ್ನು ಕಾಣಿ. ಇದಕ್ಕೆ ಚಿಕಿತ್ಸೆ ಇದೆ.

ಕೊನೆಯದಾಗಿ, ಕಂತುಗಳು ತೀರುವ ಮೊದಲೇ ನಿಮಗೇನಾದರೂ ಆದರೆ? ಯೇಸುವಿನ ಪಕ್ಕದ ಶಿಲುಬೆಯಲ್ಲಿ ಪಶ್ಚಾತ್ತಾಪಪಟ್ಟ ಕಳ್ಳನಿಗೆ ಹಿಂದಿರುಗಿಸಲು ಸಮಯವಿರಲಿಲ್ಲ, ನಿಮಗೆ ಇದೆ. ಅಕ್ಕನಿಗೆ ಎಷ್ಟು ಸಲ್ಲಬೇಕು, ಎಷ್ಟು ಸಂದಿದೆ ಎಂದು ಒಂದು ಒಪ್ಪಿಗೆ ಪತ್ರ ಬರೆದು ಸಹಿ ಮಾಡಿ ಅವರ ಕೈಗೆ ಕೊಡಿ. ಬಾಕಿಯನ್ನು ನಿಮ್ಮ ಆಸ್ತಿಯಿಂದ ಮೊದಲು ತೀರಿಸಬೇಕೆಂದು ಉಯಿಲಿನಲ್ಲೂ ಬರೆಯಿರಿ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು. ಅಕ್ಕನನ್ನಾಗಲಿ ಭಾವನನ್ನಾಗಲಿ ಸಾಕ್ಷಿ ಹಾಕಿಸಬೇಡಿ. ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ–ಹೆಂಡತಿಗೆ ಉಯಿಲಿನಲ್ಲಿ ಬರೆದದ್ದು ಅದೇ ಕಾಯ್ದೆಯ ಪ್ರಕಾರ ಅಸಿಂಧುವಾಗುತ್ತದೆ.